ಎಡಗೈಯ ಕುಡುಗೋಲು

“ಮೇಡಂ, ಈ ಆರೂ ಜನ ಎಡಚರಾ?”

ಶ್ರಾವ್ಯಾ ತಲೆ ಎತ್ತಿದಳು. ಮೇಜಿನಾಚೆ ದಿನೇಶ್ ನಿಂತಿದ್ದ. ಹೊಸನಗರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ದಿನೇಶ್. ಅವನ ಕೈಯಲ್ಲಿ ಅವಳೇ ಒಂದು ತಿಂಗಳ ಹಿಂದೆ ಮುದ್ರಿಸಿ ಕೊಟ್ಟಿದ್ದ ಫೋಟೋ ಇತ್ತು.

ಗದ್ದೆಯ ಬದುವಿನ ಮೇಲೆ ಸಾಲಾಗಿ ನಿಂತ ಆರು ಹೆಂಗಸರು. ಆರು ಕುಡುಗೋಲು. ಆರೂ ಎಡಗೈಯಲ್ಲಿ!

“ಅಜ್ಜಿ ತೋರಿಸಿದ್ಲು. ನೋಡ್ಕೊಂಡು ಬಾ ಅಂತ ಕಳ್ಸಿದಾಳೆ.”

ಶ್ರಾವ್ಯಾ ಫೋಟೋವನ್ನು ತನ್ನತ್ತ ಎಳೆದುಕೊಂಡು ನೋಡಿದಳು. ಏನಾಗಿದೆಯೆಂದು ಅವಳಿಗೆ ಆ ಕ್ಷಣವೇ ತಿಳಿಯಿತು.

ಅವಳು ಕೆಲಸಕ್ಕಿದ್ದ ಸಾಗರದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಜೋಪಾನ ಮಾಡಿಟ್ಟ ಹಳೆಯ ಫೋಟೋಗಳಿದ್ದವು. ತೊಂಬತ್ತು, ನೂರು ವರ್ಷದ ಹಿಂದೆ ಅಲ್ಲಿನ ಚರ್ಚಿನ ಫಾದರ್ ಒಬ್ಬರು ಊರೂರು ತಿರುಗಿ ಗಾಜಿನ ಹಲಗೆಗಳ ಮೇಲೆ ತೆಗೆದವು. ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಲು ತೀರ್ಥಹಳ್ಳಿಯ ಶ್ರಾವ್ಯಾಳನ್ನು ಒಂದು ವರ್ಷಕ್ಕೆ ನೇಮಿಸಿದ್ದರು. ಗಾಜಿನ ಒಂದು ಮೈ ನುಣುಪು, ಇನ್ನೊಂದು ಮಬ್ಬು. ಸ್ಕ್ಯಾನರಿನ ಮೇಲೆ ಯಾವುದು ಕೆಳಗಿರಬೇಕೆಂದು ನೋಡಿ ಇಡಬೇಕು. ತಪ್ಪಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ.

ಈ ಗಾಜನ್ನು ಅವಳು ತಿರುವಿ ಇಟ್ಟಿದ್ದಳು.

ಲಕೋಟೆಯ ಮೇಲೆ ಫಾದರ್ ಹೆಸರುಗಳನ್ನು ಬರೆದಿದ್ದರು. ಎಡದಿಂದ ಮೂರನೆಯವಳು ಕೆಂಚಮ್ಮ, ದಿನೇಶನ ಅಜ್ಜಿ ದುಗ್ಗಮ್ಮನ ತಾಯಿ. ದುಗ್ಗಮ್ಮ ಹುಟ್ಟಿದ ಹತ್ತನೇ ದಿನಕ್ಕೆ ತೀರಿಕೊಂಡವಳು. ಮಗಳಿಗೆ ತಾಯಿಯ ಮುಖವೇ ಗೊತ್ತಿರಲಿಲ್ಲ. ಆ ಮುಖ ಹುಡುಕಿಕೊಂಡೇ ದಿನೇಶ್ ಮೊದಲ ಸಲ ಕಾನ್ವೆಂಟಿಗೆ ಬಂದಿದ್ದ. ಶ್ರಾವ್ಯಾ ಮೂರನೆಯ ಮುಖವನ್ನು ದೊಡ್ಡದು ಮಾಡಿ, ಕಟ್ಟು ಹಾಕಿಸಿ, ಇಡೀ ಫೋಟೋದ ಜೊತೆ ಕಳಿಸಿದ್ದಳು. ಅಂದರೆ ಈಗ ಆ ಕಟ್ಟಿನೊಳಗಿರುವುದು ಬೇರೆ ಯಾರೋ...

‘ಅವತ್ತು ನನಗೇನಾಗಿತ್ತು?’

ಏನಾಗಿತ್ತೆಂದು ಅವಳಿಗೆ ನೆನಪಿತ್ತು. ಅವತ್ತು ಬೆಳಿಗ್ಗೆ ಅಮ್ಮ ಫೋನ್ ಮಾಡಿ ಅತ್ತಿದ್ದಳು. ಹನ್ನೊಂದನೆಯ ಗಂಡಿನ ಮನೆಯವರೂ ಬೇಡವೆಂದಿದ್ದರು. ಸ್ಟುಡಿಯೋದವನು ಬಣ್ಣ ತಿಳಿಮಾಡಿ ಕೊಟ್ಟ ಫೋಟೋ ಹಿಡಿದು ಬರುವವರು ಅವಳ ಮುಖಕ್ಕೂ ಅದಕ್ಕೂ ತಾಳೆ ನೋಡಿ ಎದ್ದು ಹೋಗುತ್ತಿದ್ದರು. ಮೂವತ್ತನಾಲ್ಕು ತುಂಬಿತ್ತು. ಅವಳಿಗೆ ಸಾಕಾಗಿಹೋಗಿತ್ತು.

ದಿನೇಶನ ಎದುರಿಗೇ ತಪ್ಪೊಪ್ಪಿಕೊಂಡು ಗಾಜನ್ನು ಸರಿಯಾಗಿಟ್ಟು ಮತ್ತೆ ತೆಗೆದಳು. ಕುಡುಗೋಲುಗಳು ಬಲಗೈಗೆ ಬಂದವು. ಈಗ ಮೂರನೆಯವಳು ನಿಜವಾದ ಕೆಂಚಮ್ಮ. ಆದರೆ ಅಲುಗದೆ ನಿಲ್ಲಬೇಕಾದ ಆ ಕಾಲದ ಕ್ಯಾಮೆರಾದ ಮುಂದೆ ಅವಳು ತಲೆ ತಿರುಗಿಸಿಬಿಟ್ಟಿದ್ದಳು. ಮುಖವಿರಬೇಕಾದ ಕಡೆ ಬರೀ ಬಿಳಿ ಮಂಜು.

ಕಟ್ಟಿನೊಳಗೆ ಹೋದವಳು ನಾಲ್ಕನೆಯವಳು, ಗುತ್ಯಮ್ಮ. ಯಾರೆಂದು ಶ್ರಾವ್ಯಾ ಕೇಳಿದ್ದಕ್ಕೆ, ಆ ಕಾಲಕ್ಕೆ ಮನೆಗೊಬ್ಬಳು ಗುತ್ಯಮ್ಮ ಇರುತ್ತಿದ್ದಳು ಎಂದ ದಿನೇಶ್. ಆಮೇಲೆ ಹಳೆಯ ಫೋಟೋವನ್ನೇ ಮತ್ತೆ ಕೈಗೆತ್ತಿಕೊಂಡ.

“ಅಜ್ಜಿಗೆ ಹೇಳೋದು ಬೇಡ ಮೇಡಂ. ದಿನಾ ಬೆಳಿಗ್ಗೆ ಆ ಮುಖಕ್ಕೆ ಹೂವಿಟ್ಟು ಮಾತಾಡ್ತಾಳೆ. ತೊಂಬತ್ತೆರಡು ವರ್ಷಕ್ಕೆ ಸಿಕ್ಕ ಅವ್ವನ್ನ ಹೆಂಗೆ ಕಿತ್ಕಳೋದು?”

ಶ್ರಾವ್ಯಾ ಗಾಜನ್ನು ಲಕೋಟೆಯೊಳಗೆ ಸೇರಿಸಿದಳು. ಆಗುವುದಿಲ್ಲ, ಹೇಳಲೇಬೇಕು ಎಂದಳು. ಇಲ್ಲದ ಮುಖ ತೋರಿಸಿ ನಂಬಿಸುವುದು ಏನೆಂದು ಅವಳಿಗೆ ಹನ್ನೊಂದು ಸಲ ಗೊತ್ತಾಗಿತ್ತು.

“ನಿಮಗಿದು ಬರೀ ಕೆಲಸ ಅಲ್ವಾ,” ಎಂದು ಹೇಳಿ ಅವನು ಹೊರಟುಹೋದ.

ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ತಿಂಗಳಲ್ಲಿ ಎಂಟು ಸಲ ಬಂದಿದ್ದ ಮನುಷ್ಯ. ಒಮ್ಮೆ ಕಾನ್ವೆಂಟಿನ ಮೋಟರು ಸರಿಮಾಡಿದ್ದ, ಒಮ್ಮೆ ಹಲಸಿನ ಹಪ್ಪಳ ತಂದಿದ್ದ. ಅವನ ಬೈಕಿನ ಸದ್ದಿಗೆ ಅವಳ ಮನಸ್ಸು ಕಾಯುವುದನ್ನು ಕಲಿತಿತ್ತು.

‘ಇವನೂ ಎದ್ದು ಹೋದ... ಹನ್ನೆರಡನೆಯವನು.’

ಮೂರು ವಾರ ಅವನ ಸುಳಿವಿಲ್ಲ. ಅಳುವುದಕ್ಕೂ ತ್ರಾಣವಿಲ್ಲದೆ ಅವಳು ದಿನಕ್ಕಿಷ್ಟು ಗಾಜು ಎಂದು ಕೆಲಸ ಮಾಡಿದಳು. ಒಂದು ಭಾನುವಾರ ಮಾತ್ರ ತಡೆಯಲಾಗಲಿಲ್ಲ. ದಿನೇಶ್ ಸಿಗಲಿ, ಬಿಡಲಿ, ತಾನು ಮಾಡಿದ ತಪ್ಪನ್ನು ಮುದುಕಿಯ ಮುಂದೆ ತಾನೇ ಹೇಳಬೇಕು ಎಂದು ಸರಿಪಡಿಸಿದ ಫೋಟೋ ಚೀಲದಲ್ಲಿಟ್ಟು ಹೊಸನಗರದ ಬಸ್ಸು ಹತ್ತಿದಳು.

ದುಗ್ಗಮ್ಮ ಜಗಲಿಯಲ್ಲಿ ಹುಣಸೆ ಬೀಜ ಬಿಡಿಸುತ್ತಿದ್ದಳು. ಶ್ರಾವ್ಯಾ ಅವಳ ಕಾಲ ಬುಡದಲ್ಲಿ ಕೂತು, ತಡವರಿಸುತ್ತ, ಎಲ್ಲವನ್ನೂ ಹೇಳಿದಳು. ಕೊನೆಗೆ ಮಂಜಾದ ಮುಖವನ್ನೂ ತೋರಿಸಿದಳು.

ಮುದುಕಿ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಆ ಮಂಜಿನ ಮೇಲೆ ಬೆರಳಾಡಿಸಿದಳು.

“ಅವ್ವ ಒಂದು ಗಳಿಗೆ ನಿಂತಲ್ಲಿ ನಿಲ್ತಿರ್ಲಿಲ್ವಂತೆ. ಚಿಕ್ಕಿ ಹೇಳ್ತಿದ್ಲು.”

“ಯಾವ ಚಿಕ್ಕಿ ಅಜ್ಜಿ?”

“ಗುತ್ಯಮ್ಮ ಕಣೆ. ಅವ್ವನ ತಂಗಿ. ನೀ ಕಟ್ಟು ಹಾಕ್ಸಿ ಕೊಟ್ಯಲ್ಲ, ಅವಳೇ. ಮೊಲೆಹಾಲು ಕೊಟ್ಟು ಸಾಕಿದೋಳ ಮುಖ ನಂಗೆ ಗುರ್ತು ಹತ್ತಲ್ವಾ? ಕಂಡ ದಿನವೇ ಹತ್ತಿತ್ತು.”

ಶ್ರಾವ್ಯಾ ಬೆಪ್ಪಾದಳು. ಮತ್ತೆ ಏಕೆ ಹೇಳಲಿಲ್ಲ ಎಂದು ಕೇಳಿದಳು.

“ಅವಳ್ದೊಂದು ಫೋಟೋ ಇರ್ಲಿಲ್ಲ, ಬಂತಲ್ಲ ಅಂತ ಸುಮ್ನಾದೆ. ಮತ್ತೆ ಈ ದಿನೇಶ... ಮೂವತ್ತೇಳು ವರ್ಷದಲ್ಲಿ ನಗದೋನು, ಸಾಗರಕ್ಕೆ ಹೋಗಿ ಬಂದ ದಿನ ನಗ್ತಿದ್ದ. ಹೋಗಾಕೆ ನೆವ ಮುಗಿದಿತ್ತು. ಎಡಗೈ ಅಂತ ನಾನೇ ಒಂದು ನೆವ ತೆಗ್ದೆ. ಮೂರು ವಾರದಿಂದ ಮಳ್ಳನಂಗೆ ಕೂತಾನೆ.”

ಅಂಗಳದಲ್ಲಿ ದಿನೇಶ್ ನಿಂತಿದ್ದ. ಯಾವಾಗ ಬಂದನೋ! ಅಜ್ಜಿಯ ಮಾತು ಅವನ ಕಿವಿಗೂ ಬಿದ್ದಿತ್ತೆಂದು ಮುಖವೇ ಹೇಳುತ್ತಿತ್ತು. ದುಗ್ಗಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು.

“ಅವತ್ತು ಹಂಗೆ ಅನ್ಬಾರ್ದಿತ್ತು,” ಎಂದ ಅವನು. “ಬಂದು ತಪ್ಪಾಯ್ತು ಅನ್ನೋಕೆ ಮುಖ ಇರ್ಲಿಲ್ಲ. ನಿಮ್ಮ ಮನೇಲಿ ಜಾತಿ ಕೇಳ್ತಾರೆ, ನಾನು ಗ್ರೀಸು ಕೈಯೋನು... ಎಲ್ಲಾ ಗೊತ್ತು. ಆದ್ರೂ ನೀವಿಲ್ದೆ ಆಗ್ತಿಲ್ಲ ಶ್ರಾವ್ಯಾ.”

ಅವಳ ಕಣ್ಣು ತುಂಬಿತು. ಸಂತೋಷವಾಯಿತು, ಭಯವೂ ಆಯಿತು. ಎರಡಕ್ಕಿಂತ ಹೆಚ್ಚಾಗಿ ದಣಿವಾಗಿತ್ತು.

“ನಂಗೆ ಸುಸ್ತಾಗಿದೆ ದಿನೇಶ್. ಇನ್ನೊಬ್ಬರ ಮುಂದೆ ಕೂತು, ಒಪ್ಪಿಗೆ ಆದ್ನೋ ಇಲ್ವೋ ಅಂತ ಕಾಯೋಕೆ ನನ್ನ ಕೈಲಿ ಆಗಲ್ಲ.”

ದಿನೇಶ್ ಚಪ್ಪಲಿ ಬಿಟ್ಟು ಜಗಲಿ ಹತ್ತಿದ. ಅವಳೆದುರು ಚಾಪೆಯ ತುದಿಯಲ್ಲಿ, ಕೈಕಟ್ಟಿ, ತಲೆ ತಗ್ಗಿಸಿ ಕೂತ.

“ನೀವು ಕಾಯೋದು ಬೇಡ. ನಾ ಕೂತಿದೀನಿ. ನೋಡ್ಕೊಂಡು ಹೇಳಿ... ಒಪ್ಪಿಗೇನಾ?”

ಅವಳು ನೋಡಿದಳು. ಕಿವಿಯ ಹತ್ತಿರ ನರೆತ ಕೂದಲು, ಉಗುರಿನ ಸಂದಿಯ ಕಪ್ಪು.

“ಒಪ್ಪಿಗೆ,” ಎಂದಳು ಮೆಲ್ಲಗೆ. “ಮೊದ್ಲು ಒಂಚೂರು ಊಟ ಹಾಕಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ.”