ಓದದೆ ಹಾಕಿದ ಸಹಿ

2025ರ ಜೂನ್ 12, ಬೆಳಿಗ್ಗೆ 10.20. ಶಿಕಾರಿಪುರ–ಸೊರಬ ರಸ್ತೆಯ ಕಲ್ಲುಕೊಪ್ಪ ಠಾಣೆಗೆ ಗಂಗಾಶ್ರೀ ಎಂಬ ಟೈಲರ್ ದೂರು ತಂದಳು. ಹೊಡೆಯುವ ಗಂಡನನ್ನು ಬಿಟ್ಟು ಬಂದವಳು. ಮೊದಲು ಸೊರಬ, ಆಮೇಲೆ ಅಂಜನಾಪುರ, ಈಗ ಕಲ್ಲುಕೊಪ್ಪ. ಮೂರು ಮನೆ ಬದಲಿಸಿದರೂ ಗಂಡ ಶರತ್ ವಾರದೊಳಗೆ ಬಾಗಿಲು ತಟ್ಟಿದ್ದ. ನಿನ್ನೆ ಮಚ್ಚು ಹಿಡಿದೇ ಬಂದಿದ್ದ.

"ಮನೆ ಎಲ್ಲಿ ಅಂತ ಯಾರಿಗೆ ಹೇಳಿದ್ರಿ?" ಇನ್ಸ್‌ಪೆಕ್ಟರ್ ವೀರಬಸಪ್ಪ ಕೇಳಿದರು.

"ಅವ್ವಗೂ ಹೇಳಿಲ್ಲ ರೀ. ಹೊಸ ನಂಬರ್ ಅಷ್ಟೇ ಅವ್ವಗೆ ಗೊತ್ತು." ದೂರು ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಹುಲಿಯಪ್ಪನ ಕಡೆ ತಿರುಗಿದಳು. "ನಮ್ಮ ಲಗ್ನ ಮಾಡ್ಸಿದ್ದೇ ಈ ಹುಲಿಯಪ್ಪಮಾವ. ಮಾವ ಇರೋ ಊರು ಅಂತ್ಲೇ ಧೈರ್ಯವಾಗಿ ಇಲ್ಲಿಗೆ ಬಂದೆ."

ಸಹಿಗೆ ಕಾಗದ ಚಾಚಿದಾಗ ಅವಳು ಪೆನ್ನು ಮುಟ್ಟಲಿಲ್ಲ. "ಓದಿ ಹೇಳ್ರಿ, ಆಮೇಲೆ ಹಾಕ್ತೀನಿ."

ಹುಲಿಯಪ್ಪ ಓದಿದ. ದನಿ ಒಂಚೂರೂ ನಡುಗಲಿಲ್ಲ, ಮಾರಾಯ! ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 3.00. ಶಿಕಾರಿಪುರದ ಮೋಟಾರು ರಿಪೇರಿ ಅಂಗಡಿಯಲ್ಲಿ ಶರತ್ ಸಿಕ್ಕಿದ. ಇಬ್ಬರು ಪಂಚರ ಮುಂದೆ ಮೊಬೈಲ್ ಜಪ್ತಿಯಾಯಿತು. ಅದರಲ್ಲಿ ಗಂಗಾಶ್ರೀಯ ಫೋನು ಯಾವ ಟವರಿನ ಕೆಳಗಿದೆ ಎಂದು ತೋರಿಸುವ ಮೂರು ನಕ್ಷೆಗಳಿದ್ದವು. ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೇಬಲ್ ಮೇಘನಾ ಅರ್ಧಕ್ಕೇ ನಿಲ್ಲಿಸಿದಳು.

"ಸಾರ್, ಕಳಿಸಿರೋ ನಂಬರ್... ನಮ್ಮ ಹುಲಿಯಪ್ಪನವರದ್ದು."

ವೀರಬಸಪ್ಪನವರಿಗೆ ನಂಬಲಾಗಲಿಲ್ಲ. ಎರಡು ಸಲ ನಂಬರು ತಾಳೆ ನೋಡಿದರು.

ಸಂಜೆ 5.30. ಹುಲಿಯಪ್ಪ ಆ ನಕ್ಷೆಗಳನ್ನು ತರಿಸಿಕೊಂಡಿದ್ದ ಪಂಪ್‌ಸೆಟ್ ಕಳವಿನ ಹಳೇ ಕಡತ ಮೇಜಿಗೆ ಬಂತು. ಮೊಬೈಲ್ ಕಂಪನಿಯಿಂದ ಟವರ್ ವಿವರ ಕೋರಿದ ಮೂರು ಪತ್ರಗಳಲ್ಲೂ ಹನ್ನೆರಡು ನಂಬರುಗಳು. ಒಂಬತ್ತನೆಯದು ಗಂಗಾಶ್ರೀಯದು. ಕೆಳಗೆ ವೀರಬಸಪ್ಪನವರದೇ ಸಹಿ! ಸಂಜೆ ಟೀ ಹೊತ್ತಿಗೆ ಹುಲಿಯಪ್ಪ ಸಹಿಯ ಜಾಗವನ್ನೇ ತೆರೆದಿಡುತ್ತಿದ್ದ. ಅವರು ಹಾಕುತ್ತಾ ಹೋಗುತ್ತಿದ್ದರು. ಮೇಲಿನ ಕಚೇರಿ ಕ್ರೈಂ ನಂಬರ್ ನೋಡಿ ಪತ್ರವನ್ನು ಮುಂದಕ್ಕೆ ಕಳಿಸುತ್ತಿತ್ತು. ಇವಳ್ಯಾರು, ಯಾಕೆ ಎಂದು ಒಬ್ಬರಾದರೂ ಕೇಳಬೇಡವೇ?

"ಅವಳ ನಂಬರ್ ಎಲ್ಲಿ ಸಿಕ್ತು?" ಹುಲಿಯಪ್ಪನನ್ನು ಕರೆಸಿ ಕೇಳಿದರು.

"ಅವರವ್ವನ ಹತ್ರ ಇಸ್ಕಂಡೆ ಸಾರ್. ಪೊಲೀಸ್ನೋನು ಅಂತ ಕೊಟ್ಳು."

"ಕಳ್ಳರದ್ದು ಎರಡೇ ನಂಬರು. ಉಳಿದವು?"

"ಯಾರ್ಯಾರೋ ಕೇಳಿದ್ರು. ಸೇರ್ಸಿದೆ."

"ಶರತ್ ಮಚ್ಚು ಹಿಡ್ಕಂಡು ಹೋಗಿದ್ದ ಕಣಯ್ಯಾ!"

ಹುಲಿಯಪ್ಪ ನೆಲ ನೋಡಿದ. "ನಾನು ನಿಂತು ಮಾಡ್ಸಿದ ಲಗ್ನ ಸಾರ್. ಮುರಿದ್ರೆ ಜನದ ಮುಂದೆ ಹೆಂಗೆ ತಲೆ ಎತ್ಲಿ? ಎದುರು ಕೂತು ಮಾತಾಡಿದ್ರೆ ಸರಿ ಹೋಗ್ತಾರೆ ಅನ್ಕಂಡೆ."

6.10ಕ್ಕೆ ಅವನ ಬಂಧನವಾಯಿತು. ಲಂಚ ಮುಟ್ಟಿರಲಿಲ್ಲ, ದ್ವೇಷವೂ ಇರಲಿಲ್ಲ. ತಾನು ಕೂಡಿಸಿದ ಸಂಸಾರ ಕೂಡಿಯೇ ಇರಬೇಕೆಂಬ ಹಟವಿತ್ತು. ಆ ಹಟಕ್ಕೆ ಸರ್ಕಾರದ ಕಣ್ಣು ಸಿಕ್ಕಿತ್ತು.

ವೀರಬಸಪ್ಪ ಡಿವೈಎಸ್‌ಪಿಗೆ ಫೋನು ಮಾಡಿದರು. "ಈ ತನಿಖೆ ಬೇರೆಯವರಿಗೆ ಕೊಡಿ ಸಾರ್. ಸಹಿ ನಂದಿದೆ. ನನ್ನ ಹೇಳಿಕೆ ಬರೆಸಿ ಕಳಿಸ್ತೀನಿ."

ಬೆಳಿಗ್ಗೆಯಿಂದ ಠಾಣೆಯ ಬೆಂಚಿನ ಮೇಲೇ ಕೂತಿದ್ದ ಗಂಗಾಶ್ರೀ ಎದ್ದು ನಿಂತಳು. "ನನ್ನ ಹುಡುಕ್ಸಿದ್ದು ನೀವಾ ರೀ?"

"ಸಹಿ ನಂದೇ ಅಮ್ಮಾ."

"ಹಂಗಾದ್ರೆ ನಾಲ್ಕನೇ ಮನೆ ಎಲ್ಲಿ ಮಾಡ್ಲಿ?"

ವೀರಬಸಪ್ಪ ತಮ್ಮ ಹೇಳಿಕೆ ಬರೆಸತೊಡಗಿದರು. ಹೇಳಿಕೆ ಬರೆದು ಮುಗಿಸಿದ ಮೇಘನಾ ಪೆನ್ನು ಚಾಚಿದಳು. ವೀರಬಸಪ್ಪನವರ ಕೈ ಅಭ್ಯಾಸದಂತೆ ಸಹಿಯ ಜಾಗಕ್ಕೆ ಹೋಗಿ, ಅಲ್ಲೇ ನಿಂತಿತು.

"ಮೊದ್ಲು ಓದಿ ಹೇಳಮ್ಮ," ಎಂದು ಗಂಗಾಶ್ರೀಯ ಕಡೆ ಕೈ ತೋರಿದರು. "ಅವರಿಗೂ ಕೇಳೋ ಹಾಗೆ."