ಹನ್ನೊಂದನೇ ಮೆನುವಿನ ಪತ್ರ

ಇದು ನಿಜವಾಗಿ ನಡೆದದ್ದು, ನನ್ನ ಎರಡೂ ಕಣ್ಣಾಣೆ! ಸುಳ್ಳಾದರೆ ಮೀಸೆ ಬೋಳಿಸಿ ನಿಮ್ಮ ಕೈಗೇ ಕೊಡುತ್ತೇನೆ.

ಅದು ಯುದ್ಧದ ವಿಡಿಯೋ ಗೇಮ್ ಮಾಡುವ ಆಫೀಸು. ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳು ಎಲ್ಲರ ಮುಂದೆ ಅವನ ಪರದೆಯ ಮೇಲಿನ ಆಟದ ಆಜ್ಞೆಗಳಿಗೆ ಬೆರಳಿಟ್ಟಳು.

"ಇದನ್ನ ತೆಗೀರಿ. ಇದನ್ನೂ. ಇದಂತೂ ಯಾರ ತಲೆಗೂ ಹೋಗಲ್ಲ."

"ನಿಮ್ಮ ತಲೆಗೆ ಹೋಗಲ್ಲ ಅನ್ನಿ. ಊರವರ ತಲೆ ಯಾಕೆ ಎಳೀತೀರಾ?"

ಎಲ್ಲರೂ ನಕ್ಕರು. ಅವಳ ಕಿವಿ ಕಾದ ಹೆಂಚಾಯಿತು. ಅಯ್ಯೋ, ಇಷ್ಟು ಚೆಂದದ ಕಣ್ಣಿನವನಿಗೆ ಇಂಥ ನಾಲಿಗೆಯೇ!

ಅವನು ಆ ಆಟವನ್ನು ಕಟ್ಟಿದವನು. ಅಡ್ಡಹೆಸರು ಸೇನಾಪತಿ. ಸಂಜೆಯೊಳಗೆ ಅವಳಿಗೂ ಒಂದು ಹೆಸರು ಬಿತ್ತು... ಕತ್ತರಿ!

ಹಳೇ ಆಟಗಳಲ್ಲಿ ನಡೆ, ಹೊಡೆ, ನಿಲ್ಲು, ಮೂರೇ ಆಜ್ಞೆ. ಆಮೇಲೆ ಸೈನಿಕನಿಗೆ ಹಸಿವು ಬಂತು, ಕುದುರೆಗೆ ಲಾಳ ಬಂತು, ಕಣಜಕ್ಕೆ ಇಲಿ ಬಂತು. ಆಟದ ಜೊತೆ ದಿಂಬಿನಷ್ಟು ದಪ್ಪ ಪುಸ್ತಕ! ಜನ ಅದನ್ನೂ ಓದಿ ಆಡಿದರು. ಈಗ ಬಸ್ಸಿನಲ್ಲಿ ನಿಂತು ಮೊಬೈಲ್ ಮೇಲೆ ಹೆಬ್ಬೆರಳಲ್ಲೇ ರಾಜ್ಯ ಗೆಲ್ಲಬೇಕು. ಅವನು ಹದಿನಾಲ್ಕು ವರ್ಷ ಹೆಣೆದದ್ದನ್ನು ಕತ್ತರಿಸಲೆಂದೇ ಅವಳನ್ನು ಕರೆಸಿದ್ದರು.

ಅವಳ ನಿಯಮ ಒಂದೇ. ಮೂರು ತಿಂಗಳಲ್ಲಿ ಆಡುವವರು ಒಬ್ಬರೂ ತೆರೆಯದ ಮೆನು, ಅಂದರೆ ಆಜ್ಞೆಗಳ ಪಟ್ಟಿ, ಹೋಗಬೇಕು. ಒಳಗೇನಿದೆ ಎಂದು ನೋಡುತ್ತಲೇ ಇರಲಿಲ್ಲ.

ಒಂದು ವರ್ಷ ಹಾವು ಮುಂಗುಸಿ ಜಗಳ. ಆದರೂ ಅವನು ರಜೆ ಹಾಕಿದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ... ಥೂ, ಇದೇನು ರೋಗ!

ಅಷ್ಟರಲ್ಲಿ ಆ ಮೀಟಿಂಗು ಬಂತು.

"ನೂರಾ ಹದಿನೆಂಟು ಮೆನು ಹಾರಿಸಿದೆ ಸಾರ್," ಎಂದಳು ಯಜಮಾನನಿಗೆ. "ಬರೀ ಕಸ. ಬರೆದವರಿಗೆ ನಾಚಿಕೆ ಆಗ್ಬೇಕು!"

ಅವನು ತಿರುಗಿ ಬೈಯಲಿ ಎಂದು ಕಾದಳು. ಅವನ ಮುಖ ಸುಣ್ಣವಾಯಿತು.

"ಆಯ್ತು. ನಾಚಿಕೆ ಆಯ್ತು," ಎಂದು ಎದ್ದು ಹೋದ. ಕೆಲಸವನ್ನೇ ಬಿಟ್ಟ. ಯಜಮಾನ ತಡೆಯಲೂ ಇಲ್ಲ.

ಕತ್ತರಿಸಿದ ಅಕ್ಷರಗಳನ್ನೆಲ್ಲ ಅಚ್ಚು ಹಾಕಿ ಅವಳ ಸಹಿಗೆ ತರುತ್ತಿದ್ದರು. ಎಂದೂ ಓದದವಳು, ಅವತ್ತು ಜಗಳಕ್ಕೆ ಜನವಿಲ್ಲದೆ ಓದಿದಳು. ಕಣಜದೊಳಗೆ ಇಲಿ, ಇಲಿಯೊಳಗೆ ಬೋನು... ಹೀಗೆ ಇಳಿದು ಇಳಿದು ಹನ್ನೊಂದನೇ ಮೆನು:

'ಮೇಡಂ, ನೀವು ಎಲ್ಲಾ ತೆರೆದು ನೋಡೇ ಕತ್ತರಿಸ್ತೀರಿ ಅಂತ ಗೊತ್ತು. ಬಾಯಲ್ಲಿ ಹೇಳೋಕೆ ಭಯ. ನನ್ನ ಜೊತೆ ಇರ್ತೀರಾ?'

ಅವಳ ಕೈಯಿಂದ ಪೆನ್ನು ಬಿತ್ತು. ಅಯ್ಯೋ... ಓದಿಯೇ ಕಸ ಅಂದೆ ಅಂದುಕೊಂಡನಲ್ಲ!

ಅವನ ಮನೆಯ ಬಾಗಿಲು ತೆರೆದದ್ದು ಅವನ ಅಕ್ಕ.

"ನೀನೇನಾ ಅವಳು? ಗಾಯ ಮಾಡಿದ್ದು ಸಾಲ್ದು ಅಂತ ಉಪ್ಪು ತಂದ್ಯಾ?"

ಅವನು ಒಳಗಿನಿಂದ ಬಂದು ಅಕ್ಕನ ಹಿಂದೆ ನಿಂತ.

"ನಾನು ಓದಿರ್ಲಿಲ್ಲ!" ಎಂದಳು ಅಳುತ್ತಾ.

"ಓದದೇ ಎಸೆದ್ರಾ? ಅದು ಇನ್ನೂ ಚೆಂದ. ನನ್ನ ಹದಿನಾಲ್ಕು ವರ್ಷಾನೂ ಹಾಗೇ ಎಸೆದಿದ್ದು, ಅಲ್ವಾ?"

ಅವಳು ಕಣ್ಣೊರೆಸಿಕೊಂಡಳು.

"ಹೌದು, ತಪ್ಪಾಯ್ತು. ಆದ್ರೆ ಇಲಿಗೆ ಹೇಳೋ ಮಾತು ನನಗ್ಯಾಕೆ ಹೇಳ್ಲಿಲ್ಲ?"

"ನಗ್ತಿದ್ರಿ."

"ನಗ್ತಿದ್ದೆ... ನಕ್ಕು ಹೂಂ ಅಂತಿದ್ದೆ."

"ಈಗ?"

"ಹೂಂ."

"ಆಟ ಮತ್ತೆ ಬರಲ್ಲ. ನಾನು ಅದನ್ನ ಮರೆಯಲ್ಲ."

"ಮರೀಬೇಡ. ದಿನಾ ಬೈ. ನಾನು ಕೂತು ಕೇಳ್ತೀನಿ."

"ಒಳಗೆ ಬಾ."

"ಅಕ್ಕ ಅಡ್ಡ ನಿಂತಿದಾರಲ್ಲ..."

ಸುಳ್ಳು ಅಂತೀರಾ? ಹಾಗಾದರೆ ನೀವು ಯಾರಿಗೂ ಹೇಳದೆ ಬಚ್ಚಿಟ್ಟ ಆ ಹೆಸರನ್ನು ಕಾಮೆಂಟಿನಲ್ಲಿ ಬರೆಯಿರಿ, ನೋಡೋಣ. ಬರೆಯದವರೆಲ್ಲ ನನ್ನ ಕಥೆ ನಂಬಿದರು ಅಂತಲೇ ಲೆಕ್ಕ!