ಹನ್ನೊಂದು ಜೋಡಿ ಕಣ್ಣುಗಳು

"ಆ ಕ್ಯಾಮೆರಾ ಕೆಳಗಿಳಿಸಿ!"

ಏಣಿಯ ಮೇಲಿದ್ದವನು ಬೆಚ್ಚಿ ತಿರುಗಿದ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಬಿಳಿ ಟವೆಲ್‌ಗಳ ರಾಶಿಯ ಮೇಲೆ ಬಿತ್ತು.

ಚಿಹಾರು ಕೋಪದಿಂದ ಏಣಿಯ ಬುಡಕ್ಕೆ ಬಂದು ನಿಂತಿದ್ದಳು. ಜಪಾನಿನ ಇಮಾಬಾರಿ ಊರಿನ ಯಾನೋ ಟವೆಲ್ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಮೂವತ್ತಮೂರರ ಅವಳ ಬೆನ್ನಿಗೆ ಹತ್ತು ಹೆಂಗಸರು ಕೈಕಟ್ಟಿ ನಿಂತಿದ್ದರು.

"ಯಾರನ್ನ ಕೇಳಿ ಇದನ್ನ ಹಾಕಿದ್ರಿ?"

"ಯಜಮಾನರನ್ನ..." ಅವನು ತಡವರಿಸಿದ. "ಅಲ್ಲ, ನಿಮ್ಮನ್ನ ಕೇಳಬೇಕಿತ್ತು. ತಪ್ಪಾಯ್ತು. ನಾನು ಹಮಾದಾ ಷೂಹೇ, ಒಸಾಕಾದ ಕಂಪನಿಯಿಂದ ಬಂದಿದ್ದೀನಿ. ಟವೆಲ್‌ಗಳ ದೋಷ ತಾನೇ ಹುಡುಕೋ ಯಂತ್ರ ಇದು."

ಏಣಿಯ ಮೇಲಿಂದಲೇ ತಲೆಬಾಗಿಸಲು ಹೋಗಿ ಹಣೆಯನ್ನು ಕಂಬಿಗೆ ಬಡಿಸಿಕೊಂಡ. ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಚಿಹಾರು ನಗಲಿಲ್ಲ. ಅವಳ ತಾಯಿ ಹೊಲಿಯುತ್ತಿದ್ದ ಕಾರ್ಖಾನೆಗೂ ಹೀಗೆಯೇ ಒಬ್ಬ ನಗುಮುಖದವನು ಹೊಸ ಯಂತ್ರ ತಂದಿದ್ದ. ಯಾರ ಕೆಲಸಕ್ಕೂ ತೊಂದರೆಯಿಲ್ಲ ಎಂದಿದ್ದ. ವರ್ಷ ತಿರುಗುವಷ್ಟರಲ್ಲಿ ನಲವತ್ತು ಹೆಂಗಸರು ಮನೆಗೆ ಹೋಗಿದ್ದರು. ತಾಯಿ ಆ ಸಂಜೆ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕುಳಿತದ್ದನ್ನು ಅವಳು ಇಂದಿಗೂ ಮರೆತಿರಲಿಲ್ಲ.

"ನಿಮ್ಮ ಯಂತ್ರಕ್ಕೆ ಅಷ್ಟು ಬುದ್ಧಿ ಇದ್ರೆ ಒಂದು ಪಂದ್ಯ ಆಡೋಣ," ಎಂದಳು. "ಇನ್ನೂರು ಟವೆಲ್. ಅದರಲ್ಲಿ ಒಂಬತ್ತಕ್ಕೆ ದೋಷ ಇದೆ. ಹುಡುಕಲಿ ನೋಡೋಣ."

ಕ್ಯಾಮೆರಾ ನಾಲ್ಕನ್ನು ಹುಡುಕಿತು. ಮೂವತ್ತು ಒಳ್ಳೆಯ ಟವೆಲ್‌ಗಳನ್ನು ಕೆಟ್ಟವೆಂದು ಬದಿಗೆ ತಳ್ಳಿತು.

ಹೆಂಗಸರಲ್ಲಿ ಹಿರಿಯಳಾದ, ಅರವತ್ತೇಳರ ಫುಮಿಯೆ ಒಂಬತ್ತನ್ನೂ ಎತ್ತಿಟ್ಟಳು. ಕೊನೆಯದನ್ನು ಕಣ್ಣು ಮುಚ್ಚಿಕೊಂಡು, ಬೆರಳಿನಿಂದಲೇ!

ಅವಮಾನಕ್ಕೆ ಸಿಡುಕುತ್ತಾನೆ ಎಂದುಕೊಂಡಿದ್ದಳು ಚಿಹಾರು. ಆದರೆ ಷೂಹೇ ಆ ಟವೆಲನ್ನು ತಿರುಗಿಸಿ ತಿರುಗಿಸಿ ನೋಡಿ, ಮುಖ ಅರಳಿಸಿದ.

"ಇದು ನಿಮಗೆ ಹೇಗೆ ಗೊತ್ತಾಯ್ತು? ಅದನ್ನ... ಅದನ್ನ ನನಗೆ ಕಲಿಸ್ತೀರಾ?"

*ಇವನೇನು ನಾಟಕ ಆಡ್ತಿದ್ದಾನಾ?*

ನಾಟಕವಾಗಿರಲಿಲ್ಲ. ಮರುದಿನದಿಂದ ಅವನು ಕ್ಯಾಮೆರಾ ಆರಿಸಿ, ಕಾಲುಮಣೆ ಹಾಕಿಕೊಂಡು ಅವರ ಮೇಜಿನ ಪಕ್ಕದಲ್ಲೇ ಕುಳಿತ. ಒಂದೊಂದು ದೋಷಕ್ಕೂ ಹೆಂಗಸರು ಇಟ್ಟುಕೊಂಡಿದ್ದ ಹೆಸರುಗಳಿದ್ದವು. ಎಳೆ ಎದ್ದರೆ 'ಸೊಳ್ಳೆ ಕಡಿತ', ಬಣ್ಣ ಒಂದೇ ಸಮನಿಲ್ಲದಿದ್ದರೆ 'ಮೋಡ ಮುಖ', ಅಂಚು ಸೊಟ್ಟಗಾದರೆ 'ಅತ್ತೆಯ ಬಾಯಿ'. ಆ ಹೆಸರುಗಳನ್ನೇ ಅವನು ಚಿತ್ರಗಳ ಜೊತೆ ಯಂತ್ರಕ್ಕೆ ಕಲಿಸಿದ.

"ಅತ್ತೆಯ ಬಾಯಿ ಅಂತಾನೇ ಬರೀತೀಯೇನಪ್ಪಾ?" ಫುಮಿಯೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮತ್ತೆ ಇದ್ದಿದ್ರೆ ನಿನ್ನ ಯಂತ್ರ ಪುಡಿ ಮಾಡ್ತಿದ್ಲು!"

ಮಧ್ಯಾಹ್ನ ಮೂಲೆಯ ಹೋಟೆಲಿನಲ್ಲಿ ಅನ್ನದ ಮೇಲೆ ಹಂದಿಮಾಂಸ, ಅದರ ಮೇಲೆ ಎರಡು ಅರೆಬೆಂದ ಮೊಟ್ಟೆ. ಅವನು ತಿನ್ನುವ ಅವಸರ ನೋಡಿ ಚಿಹಾರುಗೆ ನಗು ಬರುತ್ತಿತ್ತು.

"ಹಮಾದಾ ಸಾನ್, ಯಾರೂ ಕಿತ್ಕೊಳ್ಳಲ್ಲ. ನಿಧಾನ."

"ನಿಮ್ಮ ಜೊತೆ ಮಾತಾಡೋಕೆ ಸಮಯ ಉಳೀಲಿ ಅಂತ..." ಎಂದವನು ಅರ್ಧಕ್ಕೇ ನಿಲ್ಲಿಸಿ, ಕಿವಿಯ ತುದಿಯವರೆಗೂ ಕೆಂಪಾದ.

ಅವಳ ಎದೆಯಲ್ಲಿ ಏನೋ ಸಡಿಲಾಯಿತು. *ಬೇಡ ಚಿಹಾರು... ಇಷ್ಟು ಬೇಗ ನಂಬಬೇಡ.*

ಆದರೂ ನಂಬಿದಳು. ನಾಲ್ಕು ತಿಂಗಳು ನಂಬಿದಳು.

ಆಗಸ್ಟ್ ಕೊನೆಯಲ್ಲೊಂದು ಬೆಳಿಗ್ಗೆ ಯಜಮಾನ ಯಾನೋ ಅವರ ಮೇಜಿನ ಮೇಲೆ ಒಂದು ಹಾಳೆ ಕಂಡಿತು. 'ತಪಾಸಣೆ ವಿಭಾಗ: ಈಗ ಹನ್ನೊಂದು ಜನ. ಮುಂದಿನ ವರ್ಷ ಮೂರು.' ಕೆಳಗೆ ಷೂಹೇಯ ಕಂಪನಿಯ ಕೆಂಪು ಮುದ್ರೆ.

ಅವಳು ನೇರ ತಪಾಸಣೆ ಕೋಣೆಗೆ ಬಂದಳು.

"ನಮ್ಮ ಕಣ್ಣು, ನಮ್ಮ ಬೆರಳು... ಎಲ್ಲಾ ಕಲ್ತ್ಕೊಂಡ್ರಿ. ಈಗ ನಾವು ಬೇಡ ಅಲ್ವಾ?"

"ಚಿಹಾರು ಸಾನ್, ಆ ಕಾಗದ..."

"ಅತ್ತೆಯ ಬಾಯಿ ಅಂತ ನಗಿಸಿ ನಗಿಸಿ ಕೆಲಸ ಮುಗಿಸ್ಕೊಂಡ್ರಿ! ಹೋಗಿ ಇಲ್ಲಿಂದ!"

ಅವನ ತುಟಿ ಅಲುಗಿತು. ಆಳವಾಗಿ ತಲೆಬಾಗಿಸಿ ಹೊರಟುಹೋದ.

ಅವಳು ಶೌಚಾಲಯದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಹನ್ನೆರಡು ದಿನಗಳ ನಂತರ ಚಂಡಮಾರುತ ಬಂತು. ಮಧ್ಯಾಹ್ನದ ಹೊತ್ತಿಗೆ ನದಿ ಉಕ್ಕಿ ಕಾರ್ಖಾನೆಯ ಕೆಳಮಹಡಿಗೆ ಸೊಂಟದೆತ್ತರ ನೀರು ನುಗ್ಗಿತು. ಮಗ್ಗಗಳು ಮೇಲಿದ್ದವು, ಬಣ್ಣದ ತೊಟ್ಟಿಗಳು ತೊಳೆದರೆ ಸರಿಹೋಗುತ್ತಿದ್ದವು. ಆದರೆ ಕಚೇರಿಯ ಕಂಪ್ಯೂಟರ್‌ಗಳು ಮುಳುಗಿಹೋದವು. ನಲವತ್ತು ವರ್ಷಗಳ ಬಣ್ಣದ ಅಳತೆಗಳು, ಅವುಗಳನ್ನು ಬರೆದಿಟ್ಟ ಹಳೆಯ ಪುಸ್ತಕಗಳು, ಎಲ್ಲವೂ ಕೆಸರಾದವು.

ಕೋಬೆಯ ಹೊಸ ಹೋಟೆಲಿಗೆ ಹದಿನೆಂಟು ಸಾವಿರ ಟವೆಲ್ ಮೂರು ವಾರದಲ್ಲಿ ಹೋಗಬೇಕಿತ್ತು. ಆ ಹೋಟೆಲಿಗೆಂದೇ ಕೂಡಿಸಿದ ಬೂದು-ನೀಲಿ ಬಣ್ಣ. ಅದರ ಅಳತೆಯೂ ನೀರುಪಾಲು.

"ಈ ಆರ್ಡರ್ ಹೋದ್ರೆ ಬಾಗಿಲು ಹಾಕ್ಬೇಕಾಗುತ್ತೆ," ಯಾನೋ ಒದ್ದೆ ಮೆಟ್ಟಿಲ ಮೇಲೆ ಕುಸಿದರು. ಬಳಿಕ ಥಟ್ಟನೆ ತಲೆಯೆತ್ತಿದರು. "ಆ ಹಮಾದಾ ಏನೋ ಒಂದು ಪ್ರತಿ ಬೇರೆ ಕಡೆ ಇಡ್ತೀನಿ ಅಂದಿದ್ದ... ನಾನು ಸರಿಯಾಗಿ ಕಿವಿಗೊಡಲಿಲ್ಲ. ಫೋನ್ ಮಾಡಮ್ಮ."

"ನಮ್ಮಲ್ಲಿ ಎಂಟು ಜನರನ್ನ ತೆಗೀರಿ ಅಂದವನಿಗಾ?"

"ಅವನ್ಯಾಕೆ ಹಾಗಂದಾನು? ಎರಡನೇ ಹಾಳೆ ನೀನು ಓದಲಿಲ್ವಾ?"

ಯಾನೋ ತಮ್ಮ ಚೀಲದಿಂದ ಅದೇ ಕಾಗದ ತೆಗೆದರು. ಮೊದಲ ಹಾಳೆ ಕಂಪನಿಯದು. ಅದಕ್ಕೆ ಪಿನ್ ಮಾಡಿದ್ದ ಎರಡನೆಯದು ಷೂಹೇಯ ಕೈಬರಹ.

'ಇದನ್ನು ನಾನು ಒಪ್ಪುವುದಿಲ್ಲ. ಈ ಹನ್ನೊಂದು ಜನರೇ ಯಂತ್ರದ ಗುರುಗಳು. ಹೊಸ ನೂಲು, ಹೊಸ ಬಣ್ಣ ಬಂದಾಗಲೆಲ್ಲ ಅದು ಇವರಿಂದಲೇ ಕಲಿಯಬೇಕು. ಇವರನ್ನು ಕಳಿಸಿದರೆ ಒಂದೇ ವರ್ಷದಲ್ಲಿ ಯಂತ್ರ ಕುರುಡಾಗುತ್ತದೆ. ಇವರನ್ನು ತೆಗೆಯುವುದಾದರೆ ನನ್ನನ್ನು ಮೊದಲು ತೆಗೆಯಿರಿ.'

"ಅವನ ಕಂಪನಿಯವರು ಹಾಗೇ ಮಾಡಿದ್ರು," ಎಂದರು ಯಾನೋ. "ಅವನನ್ನ ಈ ಕೆಲಸದಿಂದ ವಾಪಸ್ ಕರೆಸ್ಕೊಂಡ್ರು."

ಅಕ್ಷರಗಳು ಕಣ್ಣೀರಿನಲ್ಲಿ ಕಲಸಿಹೋದವು. *ನಾನೇನು ಮಾಡಿಬಿಟ್ಟೆ!*

ಮೊದಲ ರಿಂಗಿಗೇ ಅವನು ಎತ್ತಿಕೊಂಡ.

"ಚಿಹಾರು ಸಾನ್? ನೀವು ಹುಷಾರಾಗಿದ್ದೀರಾ? ಫುಮಿಯೆ ಸಾನ್? ಎಲ್ಲರೂ?"

"ಎಲ್ಲರೂ ಇದ್ದೀವಿ. ಆದ್ರೆ ಬಣ್ಣದ ಅಳತೆ ಎಲ್ಲಾ ಹೋಯ್ತು, ಹಮಾದಾ ಸಾನ್..."

"ಹೋಗಿಲ್ಲ."

"ಅಂದ್ರೆ?"

"ಬಂದ ವಾರವೇ ಎಲ್ಲಾ ಕ್ಲೌಡ್‌ಗೆ ಹಾಕಿದ್ದೆ. ನದಿ ಪಕ್ಕದ ಕಾರ್ಖಾನೆಯ ನೆನಪೆಲ್ಲಾ ಒಂದೇ ಪೆಟ್ಟಿಗೇಲಿ ಇಡೋಕೆ ಭಯ ಆಯ್ತು. ದಿನಾ ಸಂಜೆ ಅದು ತಾನಾಗೇ ಹೊಸ ಪ್ರತಿ ಮಾಡ್ಕೊಳ್ಳುತ್ತೆ. ನಿಮ್ಮ ಕೈಲಿರೋ ಫೋನಲ್ಲೇ ತೆರೀಬಹುದು. ನಾನು ಹೇಳ್ದ ಹಾಗೆ ಒತ್ತಿ."

ಒಂದು, ಎರಡು, ಮೂರು... ಪುಟ್ಟ ಪರದೆಯ ಮೇಲೆ ಬೂದು-ನೀಲಿ ಬಣ್ಣದ ಅಳತೆ ಗ್ರಾಮು ಗ್ರಾಮಿನ ಲೆಕ್ಕದಲ್ಲಿ ತೆರೆದುಕೊಂಡಿತು!

"ಸಿಕ್ತು! ಸಿಕ್ತು!" ಚಿಹಾರು ಕೂಗಿದಳು. ಕೆಸರಿನಲ್ಲೇ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಯಾನೋ ಮುಖ ಮುಚ್ಚಿಕೊಂಡು ಬಿಕ್ಕಿದರು.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ರಬ್ಬರ್ ಬೂಟು ಹಾಕಿ, ಸಲಿಕೆ ಹೊತ್ತು ಷೂಹೇ ನಿಂತಿದ್ದ.

"ಫೋನಲ್ಲೇ ಮುಗೀತಲ್ಲ. ಯಾಕೆ ಬಂದ್ರಿ?" ಅವಳು ಗೇಟಿಗೆ ಓಡಿಬಂದಳು.

"ರಜೆ ಹಾಕಿ ಬಂದೆ. ಕೆಸರು ಎತ್ತೋಕೆ ಫೋನ್ ಸಾಕಾಗಲ್ಲ."

ಮುಂದಿನ ಹತ್ತೊಂಬತ್ತು ದಿನ ಆ ಕಾರ್ಖಾನೆ ಹಬ್ಬದ ಮನೆಯಂತಿತ್ತು. ಸ್ಪಷ್ಟ ದೋಷಗಳನ್ನು ಕ್ಯಾಮೆರಾ ಆರಿಸಿತು, ಅನುಮಾನದವನ್ನು ಹೆಂಗಸರ ಬೆರಳುಗಳು ತೀರ್ಮಾನಿಸಿದವು. ಹದಿನೆಂಟು ಸಾವಿರ ಟವೆಲ್ ಗಡುವಿಗೆ ಎರಡು ದಿನ ಮುಂಚೆ ಲಾರಿ ಹತ್ತಿದವು. ಒಂದೂ ವಾಪಸ್ ಬರಲಿಲ್ಲ! ಹೋಟೆಲಿನವರು ಇನ್ನಷ್ಟು ಬೇಕೆಂದರು. ಹನ್ನೊಂದರಲ್ಲಿ ಯಾರ ಕೆಲಸವೂ ಹೋಗಲಿಲ್ಲ, ಬದಲಿಗೆ ಇಬ್ಬರು ಹೊಸಬರು ಸೇರಿದರು.

ನವೆಂಬರಿನಲ್ಲಿ ಊರಿನ ಬೇರೆ ಕಾರ್ಖಾನೆಗಳ ಯಜಮಾನರು ನೋಡಲು ಬಂದರು. ಅವರಿಗೆ ವಿವರಿಸಲು ಎದ್ದು ನಿಂತವಳು ಫುಮಿಯೆ.

"ಯಂತ್ರ ಆಮೇಲೆ ತಗೊಳ್ಳಿ ಸ್ವಾಮಿ. ಮೊದಲು ನಿಮ್ಮಲ್ಲಿ ಯಾರಿಗೆ ಏನು ಗೊತ್ತಿದೆ ಅಂತ ಕೂತು ಕೇಳಿ. ಅದನ್ನ ನೀರು ನುಗ್ಗದ ಕಡೆ ಇಡಿ. ಕೇಳೋಕೆ ತಾಳ್ಮೆ ಇಲ್ದಿದ್ರೆ ದುಡ್ಡು ಖರ್ಚು ಮಾಡ್ಲೇಬೇಡಿ."

ಕೋಣೆಯೆಲ್ಲ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಚಿಹಾರು ಮತ್ತು ಷೂಹೇ ಅಕ್ಕಪಕ್ಕ ನಿಂತಿದ್ದರು.

"ಹಮಾದಾ ಸಾನ್," ಅವಳು ಮೆಲ್ಲನೆ ಹೇಳಿದಳು, "ಅವತ್ತು ಎಲ್ಲರ ಮುಂದೆ ಬೈದೆ. ಎಲ್ಲರ ಮುಂದೇನೇ ಕ್ಷಮೆ ಕೇಳ್ಬೇಕು."

"ಬೇಡ. ನಿಮ್ಮೋರಿಗೋಸ್ಕರ ಹಾಗೆ ಸಿಡಿದೆದ್ರಲ್ಲ... ಆಗಲೇ ನನ್ನ ಕಥೆ ಮುಗೀತು ಅನ್ನಿಸ್ತು."

"ಮುಗೀತಾ?"

"ನಿಮ್ಮನ್ನ ಬಿಟ್ಟು ಇರೋಕಾಗಲ್ಲ ಅನ್ನಿಸ್ತು." ಅವನು ಉಸಿರೆಳೆದುಕೊಂಡ. "ಒಸಾಕಾ ಕೆಲಸ ಬಿಟ್ಟೆ. ಇಲ್ಲೇ ಸಣ್ಣ ಕಂಪನಿ ಮಾಡ್ತೀನಿ. ಒಂದು ಮನೆ ನೋಡಿದ್ದೀನಿ, ಸಮುದ್ರ ಕಾಣುತ್ತೆ. ಒಬ್ಬನಿಗೆ ಸ್ವಲ್ಪ ದೊಡ್ಡದು..."

"ಎಷ್ಟು ದೊಡ್ಡದು?"

"ಸರಿಯಾಗಿ ಒಬ್ಬರಷ್ಟು ದೊಡ್ಡದು."

ಚಿಹಾರುಗೆ ನಗು, ಅಳು ಒಟ್ಟಿಗೇ ಬಂದವು. ಯಾರಿಗೂ ಕಾಣದಂತೆ ಅವನ ಬೆರಳುಗಳನ್ನು ತನ್ನ ಬೆರಳುಗಳಲ್ಲಿ ಹೆಣೆದುಕೊಂಡಳು.

"ಭಾನುವಾರ ಅಮ್ಮನನ್ನ ನೋಡೋಕೆ ಬನ್ನಿ... ಷೂಹೇ."

ಮೊದಲ ಬಾರಿ ಅವಳ ಬಾಯಲ್ಲಿ, 'ಸಾನ್' ಎಂಬ ಗೌರವದ ಮಾತಿಲ್ಲದೆ, ಬರೀ ತನ್ನ ಹೆಸರು ಕೇಳಿ ಅವನು ತಬ್ಬಿಬ್ಬಾದ.

"ಇನ್ನೊಂದ್ಸಲ ಹೇಳ್ತೀರಾ?"

"ಭಾನುವಾರ ಹೇಳ್ತೀನಿ. ಅಮ್ಮನ ಮುಂದೆ!"